ಓಟದ ಮಣೆಗೆ ಜಿದ್ದಿನ ಕಾಳು

ಮಣೆಯ ಮೇಲಿನ ಓಟದಾಟದಲ್ಲಿ ಎರಡು ಕುತೂಹಲಗಳಿರುತ್ತವೆ. ಯಾರ ಕಾಯಿ ಮೊದಲು ಹಣ್ಣಾಗುತ್ತದೆ ಎಂಬುದು ಒಂದು. ಅದನ್ನು ಮುಂಚೆಯೇ ಯಾರು ಗುರುತು ಹಿಡಿಯುತ್ತಾರೆ ಎಂಬುದು ಇನ್ನೊಂದು. ಪಗಡೆ, ಚೌಕಾಬಾರ, ಲೂಡೊಗಳ ನಿಯಮಗಳು ಮೊದಲನೆಯದನ್ನಷ್ಟೇ ತೀರ್ಮಾನಿಸುತ್ತವೆ. ಎರಡನೆಯದನ್ನೂ ಆಟದೊಳಕ್ಕೆ ತಂದು, ಸರಿಯಾಗಿ ಊಹಿಸಿದವರಿಗೂ ಫಲ ಸಿಗುವಂತೆ ಮಾಡುವುದು ಪಣದ ನಿಯಮ. ಧಾರವಾಡ ಸೀಮೆಯಲ್ಲಿ ಇದನ್ನು ಜಿದ್ದು ಕಟ್ಟುವುದು, ಶರ್ತು ಕಟ್ಟುವುದು ಎನ್ನುತ್ತಾರೆ. ದಕ್ಷಿಣದಲ್ಲಿ ಬಾಜಿ ಎನ್ನುವುದುಂಟು. ಆಟದ ಹೊರಗೆ ದುಡ್ಡಿಟ್ಟು ಆಡುವುದು ಬೇರೆ, ಆಟದ ಒಳಗೇ ಊಹೆಗೊಂದು ಬೆಲೆ ಇಡುವುದು ಬೇರೆ. ಈ ಎರಡನ್ನೂ ಒಂದೇ ಎಂದು ತಿಳಿದಿದ್ದರಿಂದಲೇ ಎಷ್ಟೋ ಮನೆಗಳಲ್ಲಿ ಪಗಡೆಯ ಹಾಸು ಅಟ್ಟ ಸೇರಿದೆ.

ಅದೇ ಧಾರವಾಡ ಸೀಮೆಯ ನವಲಗುಂದ ತಾಲೂಕಿನ ಯಮನೂರು ಬೆಣ್ಣೆಹಳ್ಳದ ದಂಡೆಯ ಊರು. ಹಿಂದೂಗಳು ಚಾಂಗದೇವ ಎಂದೂ ಮುಸ್ಲಿಮರು ರಾಜಾಬಾಗಸವಾರ ಎಂದೂ ನಡೆದುಕೊಳ್ಳುವ ಸಂತನ ಜಾತ್ರೆಯಿಂದ ಅದು ಹೆಸರಾಗಿದೆ. ಈ ಸೀಮೆಗೂ ಓಟದಾಟಕ್ಕೂ ಹಳೆಯ ನಂಟು. ಭೌಗೋಳಿಕ ಗುರುತು ಪಡೆದಿರುವ ನವಲಗುಂದದ ಜಮಖಾನೆಯನ್ನು ಅಲ್ಲಿನ ಮುಸ್ಲಿಂ ಹೆಣ್ಣುಮಕ್ಕಳು ನಿಂತ ಮಗ್ಗದಲ್ಲಿ ಎಳೆ ಎಳೆಯಾಗಿ ನೇಯುತ್ತಾರೆ. ಅದರ ಪ್ರಸಿದ್ಧ ಮಾದರಿಗಳಲ್ಲಿ ಪಗಡೆಯದೂ ಒಂದು: ನಡುವೆ ನಾಲ್ಕು ದಿಕ್ಕಿಗೆ ಚಾಚಿದ ಮಣೆ, ಒಂದೊಂದು ತೋಳಿನಲ್ಲೂ ಮೂರು ಸಾಲು, ಸಾಲಿಗೆ 8 ಮನೆ. ಪೂರ್ತಿ ಮಣೆಯಲ್ಲಿ ಹೀಗೆ 96 ಮನೆಗಳು. ಹಾಸಿ ಕೂತರೆ ಅದೇ ಜಮಖಾನೆ, ಕಾಯಿ ಹೂಡಿದರೆ ಅದೇ ಆಟದ ಬಯಲು.

ಪಗಡೆಗಿಂತ ಸಣ್ಣದು, ಹಳ್ಳಿಯಲ್ಲಿ ಹೆಚ್ಚು ಬಳಕೆಯಲ್ಲಿರುವುದು ಚೌಕಾಬಾರ. ಮೈಸೂರು ಕಡೆ ಕಟ್ಟೆಮನೆ ಎಂದು ಕರೆಯುವುದು ಇದನ್ನೇ. ಗುಡಿಯ ಕಟ್ಟೆಯ ಮೇಲೋ ಪಡಸಾಲೆಯ ನೆಲದ ಮೇಲೋ ಇದ್ದಿಲಿನಿಂದ ಐದಕ್ಕೆ ಐದು, ಒಟ್ಟು 25 ಮನೆ ಬರೆದರೆ ಮಣೆ ಸಿದ್ಧ. ಬಳೆಚೂರು, ಹರಳು, ಕಡ್ಡಿ, ಹುಣಸೆಬೀಜ ಏನಾದರೂ ಕಾಯಾಗಬಹುದು. ಪ್ರತಿಯೊಬ್ಬರಿಗೂ ನಾಲ್ಕು ಕಾಯಿ. ನಾಲ್ಕು ಅಂಚುಗಳ ಮಧ್ಯದ ಮನೆಗಳು ನಾಲ್ವರ ಕಟ್ಟೆಗಳು. ಕಾಯಿ ತನ್ನ ಕಟ್ಟೆಯಿಂದ ಹೊರಟು ಹೊರಸುತ್ತಿನ ಉಳಿದ 15 ಮನೆ ದಾಟಬೇಕು, ಒಳಸುತ್ತಿನ 8 ಮನೆ ಸುತ್ತಬೇಕು, ಕೊನೆಗೆ ನಡುಮನೆಗೆ ಒಂದು ಹೆಜ್ಜೆ. ಒಂದು ಕಾಯಿಗೆ 24 ಹೆಜ್ಜೆ, ನಾಲ್ಕಕ್ಕೆ 96. ನಡುಮನೆ ಮುಟ್ಟಿದ ಕಾಯಿ ಹಣ್ಣಾಯಿತು ಎನ್ನುತ್ತಾರೆ. ಓಟದ ಕೊನೆಗೆ ಇಷ್ಟು ಚೆಂದದ ಹೆಸರಿಟ್ಟ ಭಾಷೆಗಳು ಹೆಚ್ಚಿರಲಾರವು. ಎದುರಾಳಿಯ ಕಾಯಿ ಕೂತ ಮನೆಗೆ ಬಂದರೆ ಅದನ್ನು ಕಡಿಯಬಹುದು. ಕಡಿಸಿಕೊಂಡ ಕಾಯಿ ಮತ್ತೆ ಮೊದಲಿನಿಂದ ಓಡಬೇಕು. ಒಬ್ಬರನ್ನಾದರೂ ಕಡಿಯದವರಿಗೆ ಒಳಸುತ್ತಿನ ಬಾಗಿಲು ತೆರೆಯುವುದಿಲ್ಲ.

ಗರ ಹಾಕಲು ನಾಲ್ಕು ಕವಡೆ, ಇಲ್ಲವೇ ಎರಡಾಗಿ ಒಡೆದ ಹುಣಸೆಬೀಜದ ನಾಲ್ಕು ಹೋಳು. ಮೇಲ್ಮುಖವಾಗಿ ಬಿದ್ದವುಗಳ ಎಣಿಕೆಯಂತೆ ಒಂದು, ಎರಡು, ಮೂರು, ಚೌಕ. ಎಲ್ಲವೂ ಬೋರಲು ಬಿದ್ದರೆ 8. ಹುಣಸೆಹೋಳು ಎರಡು ಮುಖಕ್ಕೂ ಸಮನಾಗಿ ಬೀಳುತ್ತದೆ ಎಂದು ಹಿಡಿದರೆ ನಾಲ್ಕು ಹೋಳುಗಳು ಬೀಳುವ ಬಗೆಗಳು 16. ಅವುಗಳಲ್ಲಿ ಒಂದು ಬೀಳುವ ಬಗೆ 4, ಎರಡು ಬೀಳುವ ಬಗೆ 6, ಮೂರಕ್ಕೆ 4, ಚೌಕಕ್ಕೆ 1, ಎಂಟಕ್ಕೆ 1. ಸರಾಸರಿ ಒಂದು ಗರಕ್ಕೆ ಎರಡೂವರೆ ಹೆಜ್ಜೆ. ಯಾರೂ ಕಡಿಯದಿದ್ದರೂ ಒಬ್ಬರ 96 ಹೆಜ್ಜೆ ಮುಗಿಯಲು ಸುಮಾರು 38 ಗರ ಬೇಕು. ಒಳಸುತ್ತಿನಲ್ಲಿ 20ನೆಯ ಹೆಜ್ಜೆಗೆ ಬಂದ ಕಾಯಿಯೊಂದು ಕಡಿಸಿಕೊಂಡರೆ 8 ಗರದ ದುಡಿಮೆ ಒಂದೇ ಏಟಿಗೆ ಹೋಯಿತು. ಕವಡೆ ಹುಣಸೆಹೋಳಿನಂತಲ್ಲ, ಅದರ ಬೆನ್ನಿನ ಉಬ್ಬು, ಬಾಯಿಯ ಅಗಲ ಒಂದೊಂದಕ್ಕೆ ಒಂದೊಂದು ತೆರ. ಹಳೆಯ ಆಟಗಾರರು ತಮ್ಮ ಮನೆಯ ಕವಡೆಯ ಗುಣ ಅರಿತೇ ಆಡುತ್ತಾರೆ.

ಈ ಲೆಕ್ಕದಲ್ಲೇ ಓಟದಾಟದ ದೊಡ್ಡ ಕೊರತೆಯೂ ಇದೆ. ನಾಲ್ವರಲ್ಲಿ ಒಬ್ಬರ ಮೂರು ಕಾಯಿ ಹಣ್ಣಾಗಿ, ಇನ್ನೊಬ್ಬರ ಎರಡು ಕಾಯಿ ಆಗಷ್ಟೇ ಕಡಿಸಿಕೊಂಡು ಕಟ್ಟೆಯಲ್ಲಿ ಕೂತಿದ್ದರೆ, ಆ ಎರಡನೆಯವರಿಗೆ ಆಟ ಮುಗಿದ ಹಾಗೆಯೇ. ಆದರೂ ಸರದಿ ಬಂದಾಗಲೆಲ್ಲ ಗರ ಹಾಕಬೇಕು, ಗೆಲ್ಲಲಾಗದ ಕಾಯಿಯನ್ನು ನಡೆಸಬೇಕು. ಮಕ್ಕಳು ಇಂಥ ಹೊತ್ತಿಗೇ ಮಣೆ ಕೆಡಿಸಿ ಏಳುವುದು. ಪಣದ ನಿಯಮ ಮೊದಲು ಕೈಹಿಡಿಯುವುದು ಇವರನ್ನು. ತನ್ನ ಕಾಯಿ ಹಿಂದುಳಿದರೂ ಯಾರು ಗೆಲ್ಲುತ್ತಾರೆಂಬ ತನ್ನ ಅಂದಾಜು ಇನ್ನೂ ಗೆಲ್ಲಬಹುದು. ಅಲ್ಲಿಗೆ ಗರ ಹಾಕುವ ಅದೃಷ್ಟದ ಜೊತೆಗೆ ಮಣೆ ನೋಡುವ ಕಣ್ಣಿಗೂ ಬೆಲೆ ಬರುತ್ತದೆ.

ಕಣ್ಣಿಗೆ ಎಷ್ಟು ಕೆಲಸವಿದೆ ಎಂಬುದಕ್ಕೆ ಒಂದು ಸನ್ನಿವೇಶ ಸಾಕು. ಬಿಳಿ ಕಾಯಿ ನಡುಮನೆಗೆ ಒಂದು ಹೆಜ್ಜೆ ದೂರದಲ್ಲಿದೆ, ಕೆಂಪು ಕಾಯಿ ಎರಡು ಹೆಜ್ಜೆ ದೂರದಲ್ಲಿ. ಸರಿಯಾದ ಗರವೇ ಬಿದ್ದರೆ ಮಾತ್ರ ಒಳಹೋಗಬಹುದು ಎಂಬುದು ಬಹುತೇಕ ಕಡೆಯ ನಿಯಮ. ನೋಡಿದವರೆಲ್ಲ ಬಿಳಿಯೇ ಮುಂದಿದೆ ಎನ್ನುತ್ತಾರೆ. ಆದರೆ ಒಂದು ಬೀಳುವ ಅವಕಾಶ 16ರಲ್ಲಿ 4, ಎರಡು ಬೀಳುವ ಅವಕಾಶ 16ರಲ್ಲಿ 6. ಹಿಂದಿರುವ ಕೆಂಪಿಗೇ ಹೆಚ್ಚು ಅನುಕೂಲ. ಇಬ್ಬರಿಗೂ ಎರಡೆರಡು ಗರ ಕೊಟ್ಟು ನೋಡಿದರೆ, ಚೌಕ ಮತ್ತು ಎಂಟಕ್ಕೆ ಸಿಗುವ ಮರುಗರವನ್ನು ಬದಿಗಿಟ್ಟ ಲೆಕ್ಕದಲ್ಲಿ, ಬಿಳಿ ಹಣ್ಣಾಗುವ ಸಾಧ್ಯತೆ 100ಕ್ಕೆ ಸುಮಾರು 44, ಕೆಂಪಿನದು ಸುಮಾರು 58. ಅಜ್ಜಿಯಂದಿರು ಭಿನ್ನರಾಶಿ ಬರೆಯದೆಯೇ ಇದನ್ನು ಬಲ್ಲವರು. ಕೊನೆಯ ಕಾಯನ್ನು ಎರಡರ ಮನೆಗೆ ತಂದು ನಿಲ್ಲಿಸಲು ನೋಡುತ್ತಾರೆ. ಪಣದ ನಿಯಮ ಇದ್ದ ಮಣೆಯಲ್ಲಿ ಈ ತಿಳಿವಳಿಕೆ ಪಕ್ಕದಲ್ಲಿ ಕೂತವರಿಗೂ ಉಪಯೋಗಕ್ಕೆ ಬರುತ್ತದೆ.

ಓಟ ನೋಡಿ ಮುಂದಿನದನ್ನು ಊಹಿಸುವ ಚಟ ಈ ನಾಡಿಗೆ ಹೊಸದಲ್ಲ. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಕಾರಹುಣ್ಣಿಮೆಯ ಸಂಜೆ ಸಿಂಗರಿಸಿದ ಎತ್ತುಗಳನ್ನು ಓಡಿಸಿ ಅಗಸಿಯಲ್ಲಿ ಕರಿ ಹರಿಯುತ್ತಾರೆ. ಬಿಳಿ ಎತ್ತು ಮುಂದೆ ಬಂದರೆ ಹಿಂಗಾರಿ, ಕಂದು ಎತ್ತು ಮುಂದೆ ಬಂದರೆ ಮುಂಗಾರಿ ಕೈಹಿಡಿಯುತ್ತದೆ ಎಂಬ ನಂಬಿಕೆ ಇದೆ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ, ಬಿಳಿಜೋಳ, ಕುಸುಬಿ ಬಿತ್ತುವ ನವಲಗುಂದದ ಎರೆಭೂಮಿಯ ರೈತನಿಗೆ ಆ ಓಟ ಬರೀ ಮೋಜಲ್ಲ. ನಾಗರಪಂಚಮಿಯಲ್ಲಿ ಜಿದ್ದಿನ ಆಟಗಳದೇ ಭರಾಟೆ. ಇಷ್ಟು ಒಗೆತಕ್ಕೆ ನಿಂಬೆಹಣ್ಣನ್ನು ಅಲ್ಲಿಗೆ ಮುಟ್ಟಿಸುತ್ತೇನೆಂದು ಒಬ್ಬ ಹೇಳುತ್ತಾನೆ, ಆಗದು ಎಂದು ಇನ್ನೊಬ್ಬ ಎದುರು ನಿಲ್ಲುತ್ತಾನೆ. ಒಗೆಯುವವನೊಬ್ಬ, ಅವನ ಮೇಲೆ ಜಿದ್ದು ಕಟ್ಟಿದವರು ಹತ್ತು ಮಂದಿ. ಓಡುವವನು ಬೇರೆ, ಊಹಿಸುವವನು ಬೇರೆ ಎಂಬ ಏರ್ಪಾಡು ಇಲ್ಲಿ ತಾನಾಗಿಯೇ ಇದೆ. ಮಣೆಯಾಟಕ್ಕೆ ಪಣ ಸೇರಿಸುವವರು ಮುಂದೆ ಎದುರಿಸುವ ತೊಡಕಿಗೆ ಮದ್ದು ಇದರಲ್ಲೇ ಇದೆ.

ಪಗಡೆಗೆ ಪಣ ಸೇರಿದಾಗ ಏನಾಯಿತು ಎಂಬ ಮಹಾಭಾರತದ ಕಥೆಯನ್ನು ಕನ್ನಡಕ್ಕೆ ತಂದ ಇಬ್ಬರು ಮಹಾಕವಿಗಳೂ ಈ ನೆಲದ ನಂಟಿನವರೇ. 941ರಲ್ಲಿ ವಿಕ್ರಮಾರ್ಜುನ ವಿಜಯ ಮುಗಿಸಿದ ಪಂಪನ ತಾಯಿಯ ಕಡೆಯವರು ಅಣ್ಣಿಗೇರಿಯವರು. ಗದುಗಿನ ವೀರನಾರಾಯಣನ ಸನ್ನಿಧಿಯಲ್ಲಿ ಭಾರತ ಬರೆದ ಕುಮಾರವ್ಯಾಸ ಕೋಳಿವಾಡದವನು. ಹಳಗನ್ನಡ ಈ ಆಟವನ್ನು ನೆತ್ತ ಎಂದು ಕರೆಯಿತು, ಕುಮಾರವ್ಯಾಸ ದಾಳವನ್ನು ಹಾಸಂಗಿ ಎಂದ. ಆಟದ ನಿಯಮ ಕಟ್ಟುವವನ ಕಣ್ಣಿನಿಂದ ಆ ಸಭೆಯನ್ನು ನೋಡಿದರೆ ಮೂರು ದೋಷಗಳು ಎದ್ದು ಕಾಣುತ್ತವೆ. ಪಣಕ್ಕೆ ಮಿತಿಯಿರಲಿಲ್ಲ, ಸಂಪತ್ತು, ತಮ್ಮಂದಿರು, ತಾನು, ಕೊನೆಗೆ ದ್ರೌಪದಿ ಎಂದು ಅದು ಬೆಳೆಯುತ್ತಲೇ ಹೋಯಿತು. ಸೋತ ಧರ್ಮರಾಯ ಹಿಂದಿನದನ್ನು ಮರಳಿ ಪಡೆಯಲು ಇನ್ನೂ ದೊಡ್ಡದನ್ನು ಒಡ್ಡುವುದೊಂದೇ ದಾರಿಯಾಗಿತ್ತು. ಪಣ ಒಡ್ಡಿದವನು ದುರ್ಯೋಧನ, ದಾಳ ಹಾಕಿದವನು ಶಕುನಿ. ಹಾಕುವ ಕೈಗೆ ಕಳೆದುಕೊಳ್ಳುವ ಭಯವಿರಲಿಲ್ಲ. ಎರಡನೆಯ ಬಾರಿಯ ಜೂಜಿನಲ್ಲಿ ಪಣ ಒಂದೇ: 12 ವರ್ಷದ ವನವಾಸ, ಒಂದು ವರ್ಷದ ಅಜ್ಞಾತವಾಸ. ಅದು ಕ್ರೂರವಾದರೂ ಅದಕ್ಕೊಂದು ಎಲ್ಲೆಯಿತ್ತು. ಮೊದಲನೆಯದಕ್ಕೆ ಎಲ್ಲೆಯೇ ಇರಲಿಲ್ಲ, ಆ ಎಲ್ಲೆಗೇಡಿತನವೇ ಆ ಸಭೆಯನ್ನು ಕೆಡಿಸಿತು.

ಪಣವನ್ನು ಮಣೆಯೊಳಗೆ ಕಟ್ಟಿಹಾಕುವ ಒಂದು ಜಾಣ ಉಪಾಯ 1920ರ ದಶಕದಲ್ಲಿ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ಹುಟ್ಟಿತು. ಪಗಡೆಯ ಹಾಗೆ ಬ್ಯಾಕ್‌ಗ್ಯಾಮನ್ ಕೂಡ ದಾಳ ಹಾಕಿ ಕಾಯಿ ಓಡಿಸುವ ಪ್ರಾಚೀನ ಆಟ. ಅದಕ್ಕೆ 2, 4, 8, 16, 32, 64 ಎಂದು ಬರೆದ ಒಂದು ಘನವನ್ನು ಸೇರಿಸಿದರು. ತನ್ನ ಸರದಿಯಲ್ಲಿ ದಾಳ ಹಾಕುವ ಮುನ್ನ ಆಟಗಾರ ಅಂಕ ದುಪ್ಪಟ್ಟು ಮಾಡೋಣವೇ ಎಂದು ಕೇಳಬಹುದು. ಎದುರಾಳಿ ಒಪ್ಪದಿದ್ದರೆ ಆಗಿನ ಅಂಕಕ್ಕೇ ಸೋತಂತೆ. ಒಪ್ಪಿದರೆ ಘನ ಅವನ ಕೈಗೆ ಹೋಗುತ್ತದೆ, ಮುಂದೆ ದುಪ್ಪಟ್ಟು ಕೇಳುವ ಹಕ್ಕು ಅವನದು. ಈ ಸಣ್ಣ ನಿಯಮದ ಲೆಕ್ಕ ಸೊಗಸಾಗಿದೆ. ಬಿಟ್ಟುಕೊಟ್ಟರೆ ಒಂದು ಅಂಕ ಖಚಿತವಾಗಿ ಹೋಗುತ್ತದೆ. ಒಪ್ಪಿ ನಾಲ್ಕು ಬಾರಿ ಆಡಿ ಮೂರರಲ್ಲಿ ಸೋತು ಒಂದರಲ್ಲಿ ಗೆದ್ದರೆ 6 ಕಳೆದು 2 ಬರುತ್ತದೆ, ನಿವ್ವಳ ನಷ್ಟ 4. ಅಂದರೆ ಆಟಕ್ಕೆ ಒಂದು. ಎರಡೂ ಸಮ. ಹಾಗಾಗಿ ಗೆಲ್ಲುವ ಅವಕಾಶ ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚಿದ್ದರೆ ಒಪ್ಪಬೇಕು, ಕಡಿಮೆಯಿದ್ದರೆ ಬಿಡಬೇಕು. ಸತ್ತ ಆಟವನ್ನು ಎಳೆದಾಡದೆ ಮುಗಿಸುವ ದಾರಿಯೂ ಇದರಿಂದ ಸಿಕ್ಕಿತು. ಇಬ್ಬರೇ ಆಡುವ ಚೌಕಾಬಾರಕ್ಕೆ ಈ ಘನವನ್ನು ಯಾವ ಬದಲಾವಣೆಯೂ ಇಲ್ಲದೆ ತರಬಹುದು.

ಕುದುರೆ ರೇಸಿನ ಕಟ್ಟೆಯಿಂದ ಬಂದದ್ದು ಇನ್ನೊಂದು ದಾರಿ. ಪ್ಯಾರಿಸಿನ ಜೋಸೆಫ್ ಓಲೆರ್ 1860ರ ದಶಕದಲ್ಲಿ ರೂಪಿಸಿದ ಪದ್ಧತಿಯಲ್ಲಿ ಎಲ್ಲರ ಪಣವೂ ಒಂದೇ ರಾಶಿಗೆ ಬೀಳುತ್ತದೆ, ಗೆದ್ದ ಕುದುರೆಯ ಮೇಲೆ ಕಟ್ಟಿದವರು ಆ ರಾಶಿಯನ್ನು ಹಂಚಿಕೊಳ್ಳುತ್ತಾರೆ. ರೇಸ್‌ಕೋರ್ಸುಗಳಲ್ಲಿ ಟೋಟ್ ಎಂದು ಕರೆಯುವುದು ಇದನ್ನೇ. 12 ಕಾಳಿನ ರಾಶಿಯಲ್ಲಿ ಬಿಳಿಯ ಮೇಲೆ 8, ಕೆಂಪಿನ ಮೇಲೆ 3, ಕರಿಯ ಮೇಲೆ 1 ಬಿದ್ದಿದೆ ಎನ್ನೋಣ. ಬಿಳಿ ಗೆದ್ದರೆ ಒಂದು ಕಾಳಿಗೆ ಒಂದೂವರೆ, ಕೆಂಪಿಗೆ 4, ಕರಿಗೆ 12. ಎಲ್ಲರೂ ನಂಬಿದ್ದನ್ನೇ ನಂಬಿದವನಿಗೆ ಲಾಭ ಕಡಿಮೆ, ಯಾರೂ ನೋಡದ್ದನ್ನು ನೋಡಿದವನಿಗೆ ಹೆಚ್ಚು. ಬ್ಯಾಂಕು ಬೇಡ, ದರ ನಿಗದಿ ಮಾಡುವ ಯಜಮಾನ ಬೇಡ. ರೇಸನ್ನು ಮಣೆಗಿಳಿಸಿದ ಟೋಟೋಪೊಲಿ ಎಂಬ ಆಟ ಇಂಗ್ಲೆಂಡಿನಲ್ಲಿ 1938ರಲ್ಲಿ ಬಂತು. ಆದರೆ ಮೂರು ನಾಲ್ಕು ಮಂದಿ ಆಡುವ ಮನೆಯಾಟದಲ್ಲಿ ರಾಶಿ ತೀರಾ ಸಣ್ಣದಾಗಿ, ಭಿನ್ನರಾಶಿಯ ಹಂಚಿಕೆ ಬೇಸರ ತರಿಸುತ್ತದೆ. ಐವರಿಗಿಂತ ಹೆಚ್ಚು ಜನರಿದ್ದರೆ ಮಾತ್ರ ಇದು ಹೊಂದುತ್ತದೆ.

ಈ ಕಾಲದ ಆಟಗಳಲ್ಲಿ ಪಣವನ್ನೇ ಜೀವಾಳವಾಗಿಸಿಕೊಂಡದ್ದು ಸ್ಟೆಫೆನ್ ಬೋಗನ್ ರೂಪಿಸಿದ ಕ್ಯಾಮೆಲ್ ಅಪ್. 2014ರಲ್ಲಿ ಜರ್ಮನಿಯ ವರ್ಷದ ಆಟ ಪ್ರಶಸ್ತಿ ಅದಕ್ಕೆ ಸಂದಿತು. ಓಡುವ ಐದು ಒಂಟೆಗಳಲ್ಲಿ ಯಾವುದೂ ಯಾರದೂ ಅಲ್ಲ; ಆಟಗಾರರೆಲ್ಲ ನೋಡುಗರು, ಊಹಿಸುವವರು. ಒಂದು ಮನೆಗೆ ಎರಡು ಒಂಟೆ ಬಂದರೆ ಒಂದರ ಬೆನ್ನ ಮೇಲೆ ಇನ್ನೊಂದು ಏರುತ್ತದೆ, ಕೆಳಗಿನದು ನಡೆದರೆ ಮೇಲಿನದೂ ಪುಕ್ಕಟೆಯಾಗಿ ಸಾಗುತ್ತದೆ. ಪ್ರತಿ ಸುತ್ತಿಗೂ ಒಂದೊಂದು ಒಂಟೆಯ ಮೇಲೆ ಮೊದಲು ಪಣ ಕಟ್ಟಿದವರಿಗೆ 5, ಎರಡನೆಯವರಿಗೆ 3, ಮೂರನೆಯವರಿಗೆ 2. ಊಹೆ ಪೂರ್ತಿ ತಪ್ಪಿದರೆ ಒಂದು ನಾಣ್ಯ ದಂಡ. ಬೇಗ ಹೇಳಿದವರಿಗೆ ಹೆಚ್ಚು, ತಡಮಾಡಿದವರಿಗೆ ಕಡಿಮೆ. ಪಣದ ನಿಯಮಗಳಲ್ಲಿ ಇಷ್ಟು ಸರಳವಾದದ್ದೂ ಇಷ್ಟು ಗಟ್ಟಿಯಾದದ್ದೂ ಅಪರೂಪ. ಖಚಿತವಾಗುವವರೆಗೆ ಕಾದರೆ ಲಾಭವಿಲ್ಲ, ಮೊದಲೇ ನುಗ್ಗಿದರೆ ಅಪಾಯವಿದೆ. ಎರಡರ ನಡುವೆ ಮನಸ್ಸು ತೂಗಾಡುವುದೇ ಆಟ.

ಇದನ್ನೆಲ್ಲ ಯಮನೂರಿನಂಥ ಊರಿನ ಕಟ್ಟೆಯ ಮೇಲೆ ನಾಲ್ವರು ಆಡುವ ಚೌಕಾಬಾರಕ್ಕೆ ಅಳವಡಿಸುವುದು ಕಷ್ಟವಲ್ಲ. ಪಣಕ್ಕೆ ಅಲ್ಲಿನ ಹೊಲಗಳದೇ ಕಡಲೆಕಾಳು ಸಾಕು. ಒಬ್ಬೊಬ್ಬರಿಗೆ 10 ಕಾಳು, ನಡುವೆ ಒಂದು ಬಟ್ಟಲು ತುಂಬ ಕಾಳು. ಪಣ ಕಟ್ಟಲು ಮೂರು ಗಳಿಗೆ: ಯಾರದಾದರೂ ಒಂದು ಕಾಯಿ ಮೊದಲ ಬಾರಿಗೆ ಒಳಸುತ್ತು ಹೊಕ್ಕಾಗ, ಮೊದಲ ಕಾಯಿ ಹಣ್ಣಾದಾಗ, ಯಾರದಾದರೂ ಮೂರನೆಯ ಕಾಯಿ ಹಣ್ಣಾದಾಗ. ಪ್ರತಿ ಗಳಿಗೆಯಲ್ಲೂ ಒಬ್ಬರು ಒಂದೇ ಕಾಳನ್ನು ತಮಗೆ ತೋಚಿದ ಬಣ್ಣದ ಮೇಲೆ ಇಡಬಹುದು. ಕೊನೆಗೆ ಊಹೆ ಸರಿಯಾದರೆ ಮೊದಲ ಗಳಿಗೆಯ ಕಾಳಿಗೆ 5, ಎರಡನೆಯದಕ್ಕೆ 3, ಮೂರನೆಯದಕ್ಕೆ 2 ಕಾಳು ಬಟ್ಟಲಿನಿಂದ ಬರುತ್ತದೆ. ಈ ಅಂಕಿಗಳು ಕಣ್ಣುಮುಚ್ಚಿ ಇಟ್ಟವಲ್ಲ. ಒಂದಕ್ಕೆ 5 ಕೊಡುವ ಪಣ ನಷ್ಟವಾಗದಿರಲು ಐದರಲ್ಲಿ ಒಂದು ಅವಕಾಶ ಸಾಕು. 3 ಕೊಡುವುದಕ್ಕೆ ಮೂರರಲ್ಲಿ ಒಂದು ಬೇಕು. 2 ಕೊಡುವುದಕ್ಕೆ ಅರ್ಧಕ್ಕರ್ಧ. ಆರಂಭದಲ್ಲಿ ನಾಲ್ವರೂ ಸರಿಸಮ ಎಂದು ಹಿಡಿದರೆ ಒಬ್ಬೊಬ್ಬರ ಅವಕಾಶ ನಾಲ್ಕರಲ್ಲಿ ಒಂದು. ಆಗ 5ರ ಪಣ ತುಸು ಉದಾರ. ಜನ ಬೇಗ ಪಣ ಕಟ್ಟಲಿ ಎಂದರೆ ಆ ಉದಾರತೆ ಬೇಕು.

ಇಲ್ಲೊಂದು ದೊಡ್ಡ ತೊಡಕಿದೆ. ಒಂಟೆಯಾಟದಲ್ಲಿ ಒಂಟೆ ಯಾರದೂ ಅಲ್ಲ, ಚೌಕಾಬಾರದಲ್ಲಿ ಕಾಯಿ ಆಡುವವನದೇ. ಎದುರಾಳಿಯ ಮೇಲೆ ಪಣ ಕಟ್ಟಿದವನು ಬೇಕೆಂದೇ ಸೋಲಬಹುದು. ಕ್ರಿಕೆಟ್ಟಿನಲ್ಲಿ ಇದನ್ನು ಫಿಕ್ಸಿಂಗ್ ಎನ್ನುತ್ತಾರೆ. ಮನೆಯ ಮಣೆಯಲ್ಲೂ ಅದು ಅಷ್ಟೇ ಹೊಲಸು. ತಡೆಯಲು ಓಟ ಗೆಲ್ಲುವುದರ ಬಹುಮಾನ ಪಣ ಗೆಲ್ಲುವುದಕ್ಕಿಂತ ದೊಡ್ಡದಿರಬೇಕು. ಮೂರೂ ಪಣ ಬೇರೊಬ್ಬರ ಮೇಲೆ ಕಟ್ಟಿ ಗೆದ್ದರೆ ಬರುವುದು 10, ಹಾಕಿದ್ದು 3, ನಿವ್ವಳ 7. ಓಟ ಗೆದ್ದವರಿಗೆ 10 ಕಾಳು ಕೊಟ್ಟರೆ ಗೆಲ್ಲಬಲ್ಲವನು ಸೋಲಲು ಮನಸ್ಸು ಮಾಡುವುದಿಲ್ಲ. ತನ್ನ ಮೇಲೆ ತಾನೇ ಮೂರೂ ಬಾರಿ ನಂಬಿಕೆಯಿಟ್ಟು ಗೆದ್ದವನಿಗೆ 17, ಅದು ಇರಬೇಕಾದ್ದೇ.

ಗೆಲ್ಲುವ ಆಸೆಯೇ ಇಲ್ಲದವನ ಸಂಗತಿ ಬೇರೆ. ಅವನು ಪಣ ಕಟ್ಟಿದ ಬಣ್ಣಕ್ಕೆ ದಾರಿ ಬಿಟ್ಟು ಉಳಿದವರನ್ನು ಕಡಿಯುತ್ತಾ ಹೋಗುತ್ತಾನೆ. ಇದು ದೋಷ ಎನ್ನುವವರಿದ್ದಾರೆ. ಆದರೆ ಸುಮ್ಮನೆ ಗರ ಹಾಕುತ್ತಾ ಕೂತಿದ್ದವನಿಗೆ ಮತ್ತೆ ಒಂದು ಉದ್ದೇಶ ಸಿಕ್ಕಿತಲ್ಲ, ಪಣದ ನಿಯಮ ತಂದದ್ದೇ ಅದಕ್ಕೆ. ಅದು ಮಿತಿಮೀರದಿರಲು ಪಣವನ್ನು ಗುಟ್ಟಾಗಿ ಇಡಬೇಕು: ಬಣ್ಣದ ಹೆಸರು ಬರೆದ ಚೀಟಿ ಮಡಚಿ, ಅದರ ಮೇಲೆ ಕಾಳು. ಯಾರು ಯಾರ ಕಡೆ ಎಂದು ತಿಳಿಯದಾಗ ಪ್ರತಿ ಕಡಿತವೂ ಒಂದು ಒಗಟಾಗುತ್ತದೆ. ಓದು ಬಾರದ ಮಕ್ಕಳು ಕೂತಿದ್ದರೆ ಚೀಟಿಯ ಬದಲು ಬಣ್ಣದ ಬಳೆಚೂರನ್ನು ಮುಷ್ಟಿಯಲ್ಲಿ ಮುಚ್ಚಿ ಬಟ್ಟೆಯ ಕೆಳಗೆ ಇಟ್ಟರಾಯಿತು.

ಪಣ ಕಟ್ಟುವ ಹೊತ್ತು ಮುಗಿಯುವುದು ಯಾವಾಗ ಎಂಬುದನ್ನು ಮೊದಲೇ ಹೇಳಿಬಿಡಬೇಕು. ಗರ ಕೈಯಿಂದ ಬಿಟ್ಟ ಮೇಲೆ ಚೀಟಿ ಮುಟ್ಟುವಂತಿಲ್ಲ. ಕಾಳು ಸಾಲ ಕೊಡುವಂತಿಲ್ಲ, ಒಂದಕ್ಕಿಂತ ಹೆಚ್ಚು ಇಡುವಂತಿಲ್ಲ. ಧರ್ಮರಾಯ ಜಾರಿದ್ದು ಈ ಎರಡನೆಯ ಮೆಟ್ಟಿಲಿನ ಮೇಲೆಯೇ. ಹೀಗೆ ಕಟ್ಟಿದ ಆಟದಲ್ಲಿ ಒಬ್ಬರು ಕಳೆದುಕೊಳ್ಳಬಹುದಾದ ಗರಿಷ್ಠ ಮೊತ್ತ ಮೂರು ಕಾಳು.

ಕಾಳಿನ ಜಾಗಕ್ಕೆ ದುಡ್ಡು ಬಂದರೆ ಮಾತು ಬೇರೆಯಾಗುತ್ತದೆ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಡಿ ಸಾರ್ವಜನಿಕ ಸ್ಥಳದಲ್ಲಿ ಹಣವಿಟ್ಟು ಜೂಜಾಡುವುದು ಅಪರಾಧ. ಅಂದರ್ ಬಾಹರ್ ಪ್ರಕರಣಗಳ ಸುದ್ದಿಯಲ್ಲಿ ಪತ್ರಿಕೆಗಳು ಬರೆಯುವ 87ನೆಯ ಕಲಂ ಆ ಕಾಯ್ದೆಯದೇ. ರೇಸ್‌ಕೋರ್ಸಿನ ಕುದುರೆ ಪಂದ್ಯಕ್ಕೆ ಅದರಲ್ಲಿ ವಿನಾಯಿತಿ ಇದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ರಾಜ್ಯ 2021ರಲ್ಲಿ ತಂದ ತಿದ್ದುಪಡಿಯ ಮುಖ್ಯ ಅಂಶಗಳನ್ನು ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಮಾಡಿತು. 2025ರಲ್ಲಿ ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ನಿಷೇಧದ ಕಾನೂನು ಮಾಡಿತು. ಲೂಡೊ ಕೂಡ ಮೊಬೈಲಿನಲ್ಲಿ ಹಣದಾಟವಾಗಿ ಹಬ್ಬಿದ್ದ ಹೊತ್ತದು. ಅಲ್ಲಿ ಕಟ್ಟಿದ ಹಣ ಮಣೆಯ ಹೊರಗಿನದು. ಅದಕ್ಕೆ ಮಣೆಯ ಯಾವ ನಿಯಮವೂ ಕಡಿವಾಣ ಹಾಕಲಾರದು.

ಕಾಗದದ ಮೇಲೆ ಸರಿಯೆನಿಸಿದ ದರ ಮಣೆಯ ಮೇಲೆ ಸರಿಯಾಗಲೇಬೇಕೆಂದಿಲ್ಲ. ಹತ್ತು ಆಟ ಆಡಿ, ಯಾವ ಗಳಿಗೆಯ ಪಣ ಎಷ್ಟು ಬಾರಿ ಗೆದ್ದಿತು ಎಂದು ಗೋಡೆಯ ಮೇಲೆ ಗೆರೆ ಎಳೆದಿಟ್ಟರೆ ತಿಳಿಯುತ್ತದೆ. ಮೂರನೆಯ ಗಳಿಗೆಯ ಪಣ ಹೆಚ್ಚುಕಡಿಮೆ ಪ್ರತಿ ಸಲವೂ ಗೆಲ್ಲುತ್ತಿದ್ದರೆ ಅದು ಊಹೆಯಲ್ಲ, ಸಂಬಳ. ಆ ಗಳಿಗೆಯನ್ನು ತೆಗೆದು ಎರಡಕ್ಕೇ ನಿಲ್ಲಿಸಬೇಕು. ಮೊದಲ ಗಳಿಗೆಯಲ್ಲಿ ಯಾರೂ ಕಾಳಿಡದಿದ್ದರೆ 5ನ್ನು 6 ಮಾಡಬೇಕು. ಕವಡೆಯಲ್ಲಿ ಆಡುವವರು ಮೊದಲು ತಮ್ಮ ನಾಲ್ಕು ಕವಡೆಗಳನ್ನು ನೂರು ಬಾರಿ ಚೆಲ್ಲಿ ಯಾವ ಗರ ಎಷ್ಟು ಬಿದ್ದಿತೆಂದು ಎಣಿಸಿಕೊಳ್ಳುವುದು ಒಳ್ಳೆಯದು. ಎಂಟು ಹೆಚ್ಚು ಬೀಳುವ ಕವಡೆಯಾದರೆ ಓಟ ಬೇಗ ಮುಗಿಯುತ್ತದೆ, ಹಿಂದಿದ್ದವರು ಒಮ್ಮೆಲೇ ಮುಂದೆ ಬರುತ್ತಾರೆ. ಅಂಥ ಮಣೆಯಲ್ಲಿ ಎರಡನೆಯ ಗಳಿಗೆಯ ಕಾಳಿಗೂ 4 ಕೊಡಬಹುದು. ಆಗ ಓಟದ ಬಹುಮಾನವನ್ನೂ 12ಕ್ಕೆ ಏರಿಸಬೇಕು.